ಸ್ಟೀರಾಯ್ಡ್ ಮುಲಾಮು: ಒಂದು ಟ್ಯೂಬಿನ ಚರಿತ್ರೆ

ಮುಂಬಯಿಯ ನಮ್ಮ ಕನ್ನಡಿಗರ ಮನೆಗಳಲ್ಲಿ ದೇವರ ಗೂಡು ಎಲ್ಲಿರುತ್ತದೆಂಬುದು ಮನೆಯಿಂದ ಮನೆಗೆ ಬೇರೆಯಾದೀತು; ಔಷಧದ ಡಬ್ಬಿ ಮಾತ್ರ ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ. ತಲೆನೋವಿನ ಬಾಮು, ಜ್ವರದ ಮಾತ್ರೆಯ ಅರ್ಧ ಪಟ್ಟಿ, ಗಾಯಕ್ಕೆ ಕಟ್ಟುವ ಬಟ್ಟೆ, ಇವುಗಳ ನಡುವೆ ಬಾಲದ ಕಡೆಯಿಂದ ಸುರುಳಿ ಸುತ್ತಿಟ್ಟ ಒಂದು ಮುಲಾಮಿನ ಟ್ಯೂಬು. ಅದನ್ನು ಯಾವ ವೈದ್ಯರು, ಯಾರಿಗಾಗಿ, ಯಾವ ವರ್ಷ ಬರೆದುಕೊಟ್ಟರೆಂಬುದು ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಅಜ್ಜಿಯ ಕಾಲಿನ ಇಸುಬಿಗೆ ಅದೇ, ಮಗುವಿನ ಬೆವರುಸಾಲೆಗೆ ಅದೇ, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಬೆವೆತು ತೊಡೆಸಂದಿಯಲ್ಲಿ ತುರಿಕೆ ಹತ್ತಿದವರಿಗೂ ಅದೇ. ರಜೆಗೆ ಊರಿಗೆ ಹೊರಟಾಗ ಅತ್ತೆಗೊಂದು, ಚಿಕ್ಕಪ್ಪನಿಗೊಂದು ಎಂದು ಚೀಲದಲ್ಲಿ ಸೇರಿಸುವುದೂ ಉಂಟು. ಮುಂಬಯಿಯಿಂದ ಬಂದ ಔಷಧವೆಂದರೆ ಊರಿನಲ್ಲಿ ಇಂದಿಗೂ ಒಂದು ತೂಕ ಹೆಚ್ಚು.

ಈ ಟ್ಯೂಬಿನಲ್ಲಿ ಬಹುಮಟ್ಟಿಗೆ ಇರುವುದು ಸ್ಟೀರಾಯ್ಡ್ ಎಂಬ ವಸ್ತು. ನಾವು ವೈದ್ಯರಲ್ಲ, ಎಂದೋ ಬಿ.ಎಸ್ಸಿ. ಮುಗಿಸಿ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕಡತಗಳ ನಡುವೆ ಕುಳಿತವರು. ಆದುದರಿಂದ ಯಾರ ಯಾವ ವ್ಯಾಧಿಗೆ ಯಾವ ಮುಲಾಮು ಎಂದು ಹೇಳುವ ಅಧಿಕಾರ ನಮಗಿಲ್ಲ. ಆದರೆ ಹಳೆಯ ಕಡತವನ್ನು ಬಿಚ್ಚಿ, ಯಾವುದು ಯಾವಾಗ ನಡೆಯಿತೆಂದು ನೋಡುವ ಅಭ್ಯಾಸ ನಮಗೆ ವೃತ್ತಿಯಿಂದಲೇ ಬಂದದ್ದು. ಈ ಮುಲಾಮಿನ ಕಡತವನ್ನು ಹಾಗೆ ನೋಡಿದಾಗ ಎದ್ದು ಕಾಣುವ ಸಂಗತಿ ಒಂದು. ಇದರ ಶಕ್ತಿಯನ್ನು ಅಳೆದ ಕಾಲದಲ್ಲಿಯೇ ಇದರ ಹಾನಿಯನ್ನೂ ವೈದ್ಯರು ಅಳೆದು ಬರೆದಿಟ್ಟಿದ್ದರು. ಟ್ಯೂಬು ಕಡಲು ದಾಟಿ ನಮ್ಮ ಡಬ್ಬಿಯವರೆಗೂ ಬಂತು. ಆ ಬರಹ ಬರಲಿಲ್ಲ.

ಕಥೆ ಆರಂಭವಾಗುವುದು ಚರ್ಮದಿಂದಲ್ಲ, ಕೀಲುಗಳಿಂದ. ಅಮೆರಿಕದ ಮಿನಿಸೋಟ ಸಂಸ್ಥಾನದ ರಾಚೆಸ್ಟರ್ ಎಂಬ ಊರಿನ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು 1929ರಲ್ಲಿ ಒಂದು ವಿಚಿತ್ರವನ್ನು ಗಮನಿಸಿದರು. ಕೀಲುವಾತದಿಂದ ನರಳುತ್ತಿದ್ದ ಒಬ್ಬ ರೋಗಿಗೆ ಕಾಮಾಲೆಯಾದಾಗ ಕೀಲುನೋವು ತಾನಾಗಿಯೇ ತಗ್ಗಿತು. ಬಸುರಿಯರಲ್ಲಿಯೂ ಹೀಗಾಗುವುದನ್ನು ಮುಂದೆ ಅವರು ಕಂಡರು. ದೇಹವೇ ಯಾವುದೋ ವಸ್ತುವನ್ನು ಆಗ ಹೆಚ್ಚಾಗಿ ಒದಗಿಸುತ್ತಿರಬೇಕೆಂದು ಅವರ ಊಹೆ. ಅದೇ ಸಂಸ್ಥೆಯಲ್ಲಿ ಎಡ್ವರ್ಡ್ ಕೆಂಡಾಲ್ ಎಂಬ ರಸಾಯನಶಾಸ್ತ್ರಜ್ಞರು, ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳನ್ನು ಕಸಾಯಿಖಾನೆಗಳಿಂದ ರಾಶಿರಾಶಿಯಾಗಿ ತರಿಸಿ, ಅವುಗಳ ಸಾರದಿಂದ ಒಂದೊಂದೇ ವಸ್ತುವನ್ನು ಬೇರ್ಪಡಿಸಿ ಎ, ಬಿ, ಇ, ಎಫ್ ಎಂದು ಅಕ್ಷರಗಳಿಂದ ಗುರುತಿಸುತ್ತಿದ್ದರು. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಟಾಡಿಯಸ್ ರೈಖ್‌ಸ್ಟೈನ್ ಅವರದೂ ಇದೇ ಕೆಲಸ. ಮರ್ಕ್ ಕಂಪೆನಿಯ ಲೂಯಿಸ್ ಸ್ಯಾರೆಟ್ ದನದ ಪಿತ್ತರಸದಿಂದ ಹೊರಟು, ಮೂವತ್ತಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಿ 'ಇ' ವಸ್ತುವನ್ನು ತಯಾರಿಸಿದ ಮೇಲೆ ರೋಗಿಗೆ ಕೊಟ್ಟು ನೋಡುವಷ್ಟು ಔಷಧ ಕೈಗೆ ಬಂತು. 1948ರ ಸೆಪ್ಟೆಂಬರ್ 21ರಂದು, ಕೀಲುವಾತದಿಂದ ಏಳಲಾರದೆ ಮಲಗಿದ್ದ 29 ವರ್ಷದ ಮಹಿಳೆಯೊಬ್ಬಳಿಗೆ ಅದರ ಮೊದಲ ಚುಚ್ಚುಮದ್ದು ಕೊಟ್ಟರು. ಸುಮಾರು ಒಂದು ವಾರದಲ್ಲಿ ಆಕೆ ಎದ್ದು ಪೇಟೆಗೆ ಹೋಗಿಬಂದಳು. ಈ 'ಇ' ವಸ್ತುವೇ ಕಾರ್ಟಿಸೋನ್. ಇನ್ನೆರಡು ವರ್ಷಗಳಲ್ಲಿ, 1950ರಲ್ಲಿ, ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಹುಮಾನ ದೊರೆಯಿತು.

ಪವಾಡವೆಂದು ಪತ್ರಿಕೆಗಳು ಕೊಂಡಾಡುತ್ತಿದ್ದಾಗಲೇ ವೈದ್ಯರ ಟಿಪ್ಪಣಿಗಳಲ್ಲಿ ಬೇರೆ ಮಾತು ಸೇರತೊಡಗಿತ್ತು. ಔಷಧ ನಿಲ್ಲಿಸಿದರೆ ನೋವು ಮರಳುತ್ತಿತ್ತು. ನಿಲ್ಲಿಸದೆ ಮುಂದುವರಿಸಿದರೆ ಮುಖ ಊದಿ ಗುಂಡಗಾಗುತ್ತಿತ್ತು, ಮನಸ್ಸು ಕೆಡುತ್ತಿತ್ತು. ದೇಹದ ಒಂದು ಭಾಗ ಕೆಂಪಾಗಿ, ಬಿಸಿಯಾಗಿ, ಊದಿ, ನೋಯುವುದಕ್ಕೆ ಉರಿಯೂತ ಎನ್ನುತ್ತಾರಷ್ಟೆ. ಈ ವಸ್ತು ಉರಿಯೂತವನ್ನು ಅಡಗಿಸುತ್ತದೆ. ಉರಿಯೂತಕ್ಕೆ ಕಾರಣವಾದದ್ದನ್ನು ಮುಟ್ಟುವುದಿಲ್ಲ. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಕಡತವನ್ನು ಕಪಾಟಿಗೆ ಸೇರಿಸಿದಂತೆ, ಪ್ರಕರಣ ಇತ್ಯರ್ಥವಾದಂತಲ್ಲ. ಮುಂದೆ ಚರ್ಮದ ವಿಷಯದಲ್ಲಿ ನಡೆದ ಎಲ್ಲ ಒಳಿತಿಗೂ ಕೆಡುಕಿಗೂ ಬೇರು ಇಲ್ಲಿದೆ.

ಆವರೆಗೆ ಇಸುಬಿಗಾಗಲಿ ಸೋರಿಯಾಸಿಸ್ಸಿಗಾಗಲಿ ಚರ್ಮವೈದ್ಯರ ಬಳಿ ಇದ್ದದ್ದು ಕಲ್ಲಿದ್ದಲಿನ ಡಾಂಬರು, ಸತುವಿನ ಲೇಪ ಮುಂತಾದ ಕೊಳೆಯಾಗುವ, ವಾಸನೆ ಬರುವ ಮದ್ದುಗಳು. ರಾತ್ರಿಯೆಲ್ಲ ಕೆರೆದುಕೊಂಡು ಬೆಳಗಾಗುವಷ್ಟರಲ್ಲಿ ಹಾಸಿಗೆಗೆ ರಕ್ತ ಹತ್ತಿಸಿಕೊಳ್ಳುವ ರೋಗಿಗೆ ಅವು ಕೊಡುತ್ತಿದ್ದ ಸಮಾಧಾನ ಅಲ್ಪ. ಆದ್ದರಿಂದ ಕಾರ್ಟಿಸೋನನ್ನು ಮುಲಾಮಿಗೆ ಬೆರೆಸಿ ಹಚ್ಚಿ ನೋಡಿದರು. ಏನೂ ಆಗಲಿಲ್ಲ! ಕಾರಣ ಆಮೇಲೆ ತಿಳಿಯಿತು. ಕಾರ್ಟಿಸೋನ್ ತಾನಾಗಿ ಕೆಲಸ ಮಾಡುವುದಿಲ್ಲ. ಯಕೃತ್ತಿನಲ್ಲಿ ಅದು ಹೈಡ್ರೊಕಾರ್ಟಿಸೋನ್ ಆಗಿ ಮಾರ್ಪಡಬೇಕು. ಚರ್ಮಕ್ಕೆ ಆ ಕೆಲಸ ಸಾಕಷ್ಟು ಬಾರದು. 1952ರಲ್ಲಿ ನ್ಯೂಯಾರ್ಕಿನ ಮೇರಿಯನ್ ಸಲ್ಜ್‌ಬರ್ಗರ್ ಮತ್ತು ವಿಕ್ಟರ್ ವಿಟನ್ ನೇರವಾಗಿ ಹೈಡ್ರೊಕಾರ್ಟಿಸೋನನ್ನೇ, ಅಂದರೆ ಕೆಂಡಾಲರ ಪಟ್ಟಿಯ 'ಎಫ್' ವಸ್ತುವನ್ನೇ, ಹಚ್ಚಿ ಗುಣ ಕಂಡರು. ಚರ್ಮವೈದ್ಯದಲ್ಲಿ ಅಂದಿನಿಂದ ಹೊಸ ಶಕೆ ಎಂದರೆ ಉತ್ಪ್ರೇಕ್ಷೆಯಲ್ಲ.

ಅದೇ 1952ರಲ್ಲಿ ಅಪ್‌ಜಾನ್ ಕಂಪೆನಿಯ ಪೀಟರ್‌ಸನ್ ಮತ್ತು ಮರ್ರೆ ರೊಟ್ಟಿಗೆ ಹತ್ತುವ ಬೂಷ್ಟಿನ ಜಾತಿಯದೇ ಒಂದು ಬೂಷ್ಟಿನಿಂದ, ದನದ ಪಿತ್ತರಸದ ಹಂಗಿಲ್ಲದೆ, ಈ ಸ್ಟೀರಾಯ್ಡ್‌ಗಳ ತಯಾರಿಕೆಯ ಅತಿ ಕಠಿಣ ಮೆಟ್ಟಿಲನ್ನು ದಾಟಿದರು. ಕಚ್ಚಾ ವಸ್ತು ಸಿಕ್ಕಿದ್ದು ಮೆಕ್ಸಿಕೋದ ಕಾಡುಗೆಣಸಿನಲ್ಲಿ. ಬೆಲೆ ಇಳಿಯಿತು. ಸಾಮಾನ್ಯರ ಕೈಗೆ ಈ ಔಷಧ ಎಟುಕುವಂತೆ ಮಾಡಿದ್ದು ಒಂದು ಶಿಲೀಂಧ್ರವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಶಿಲೀಂಧ್ರಗಳು ಆ ಸಾಲವನ್ನು ಬಡ್ಡಿಸಹಿತ ವಸೂಲಿ ಮಾಡಿಕೊಂಡವು.

ಇನ್ನು ಆರಂಭವಾದದ್ದು ಶಕ್ತಿಯ ಓಟ. ಹೈಡ್ರೊಕಾರ್ಟಿಸೋನಿನ ಅಣುವಿಗೆ ಫ್ಲೂರೀನಿನ ಒಂದು ಪರಮಾಣುವನ್ನು ಅಂಟಿಸಿದರೆ ಶಕ್ತಿ ಹಲವು ಪಟ್ಟು ಏರುವುದೆಂದು 1954ರ ಹೊತ್ತಿಗೆ ತಿಳಿಯಿತು. ಹಾಗೆ ಬಂದ ಮೊದಲ ವಸ್ತುವನ್ನು ಮೈಗೆ ಹಚ್ಚಿಕೊಂಡವರಲ್ಲಿ ಕೆಲವರ ದೇಹದಲ್ಲಿ ಉಪ್ಪುನೀರು ನಿಂತು ಕೈಕಾಲು ಊದಿದವು. ಚರ್ಮಕ್ಕೆ ಹಚ್ಚಿದ್ದು ಚರ್ಮದಲ್ಲೇ ಉಳಿಯುತ್ತದೆ ಎಂಬ ನಂಬಿಕೆ 1955ರಲ್ಲೇ ಸುಳ್ಳಾಯಿತು. ನಮ್ಮ ಮನೆಗಳಲ್ಲಿ ಆ ನಂಬಿಕೆ ಇನ್ನೂ ಬದುಕಿದೆ: 'ಹೊರಗೆ ಹಚ್ಚುವ ಔಷಧ ತಾನೆ, ನುಂಗುವುದಲ್ಲವಲ್ಲ!'

ಆ ಬಳಿಕ ಟ್ರಯಾಮ್ಸಿನೊಲೋನ್, ಫ್ಲೂಸಿನೊಲೋನ್ ಮುಂತಾದವು ಒಂದರ ಹಿಂದೊಂದು ಬಂದವು. ಯಾವುದು ಎಷ್ಟು ಬಲವಾದದ್ದೆಂದು ತೀರ್ಮಾನಿಸುವುದು ಹೇಗೆ? 1962ರಲ್ಲಿ ಮೆಕೆಂಜಿ ಮತ್ತು ಸ್ಟೌಟನ್ ಎಂಬುವರು ಬಹು ಸರಳವಾದ ಉಪಾಯ ಹೂಡಿದರು. ಸ್ಟೀರಾಯ್ಡ್ ಚರ್ಮದ ಕಿರಿಯ ರಕ್ತನಾಳಗಳನ್ನು ಮುದುಡಿಸುತ್ತದೆ. ಹಚ್ಚಿದ ಜಾಗ ಬಿಳಿಚಿಕೊಳ್ಳುತ್ತದೆ. ಸ್ವಯಂಸೇವಕರ ಮುಂಗೈಯಲ್ಲಿ ಸಣ್ಣ ಸಣ್ಣ ಚೌಕಗಳಲ್ಲಿ ಒಂದೊಂದು ದ್ರಾವಣವನ್ನು ಹಾಕಿ, ಮುಚ್ಚಿಟ್ಟು, ಮರುದಿನ ಯಾವ ಚೌಕ ಬಿಳಿಚಿದೆ ಎಂದು ಎಣಿಸಿದರು. ಎಷ್ಟು ತೆಳುವಾದ ದ್ರಾವಣದಲ್ಲಿಯೂ ಬಿಳಿಚುತ್ತದೋ ಅಷ್ಟು ಬಲವಾದದ್ದು. ಮೆಕೆಂಜಿಯವರು ಅಟ್ಕಿನ್‌ಸನ್ ಅವರೊಡನೆ ಇದೇ ಪರೀಕ್ಷೆಯಿಂದ ಬೀಟಾಮೆಥಸೋನಿನ ಹಲವು ರೂಪಗಳನ್ನು ತೂಗಿ ನೋಡಿ 1964ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವುಗಳಲ್ಲಿ ಮುಂದೆ ನಿಂತದ್ದು ವ್ಯಾಲರೇಟ್. ಗ್ಲಾಕ್ಸೋದವರ ಬೆಟ್ನೊವೇಟ್ ಎಂದು ಮನೆಮಾತಾದದ್ದು ಅದೇ. 1970ರ ದಶಕದಲ್ಲಿ ಅದನ್ನೂ ಮೀರಿಸಿದ ಕ್ಲೋಬೆಟಾಸೋಲ್ ಬಂತು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಟ್ಯೂಬಿನ ಮೇಲಿನ ಶೇಕಡಾ ಅಂಕಿಗೂ ಔಷಧದ ಬಲಕ್ಕೂ ಸಂಬಂಧವಿಲ್ಲ. ಶೇಕಡಾ 1ರ ಹೈಡ್ರೊಕಾರ್ಟಿಸೋನ್ ಈ ವಂಶದಲ್ಲೇ ಸೌಮ್ಯ. ಶೇಕಡಾ 0.1ರ ಬೀಟಾಮೆಥಸೋನ್ ವ್ಯಾಲರೇಟ್, ಮೊಮೆಟಸೋನ್ ಇವು ಬಲವಾದವು. ಶೇಕಡಾ 0.05ರ ಕ್ಲೋಬೆಟಾಸೋಲ್ ಅತ್ಯುಗ್ರ. ಬಿಳಿಚುವ ಪರೀಕ್ಷೆಯಲ್ಲಿ ಹೈಡ್ರೊಕಾರ್ಟಿಸೋನಿಗಿಂತ ನೂರಾರು ಪಟ್ಟು ಬಲಿಷ್ಠ. ಸಂಬಳದ ಚೀಟಿಯಲ್ಲಿ ದಶಾಂಶ ಬಿಂದುವಿನ ಸ್ಥಾನವನ್ನು ಭೂತಗನ್ನಡಿ ಹಿಡಿದು ನೋಡುವ ನಾವು ಇಲ್ಲಿ ಮಾತ್ರ 'ಪಾಯಿಂಟ್ ಸೊನ್ನೆ ಐದು ತಾನೆ, ಎಳೆಮಗುವಿಗೂ ನಡೆದೀತು' ಎಂದುಕೊಳ್ಳುತ್ತೇವೆ.

ಹಾನಿಯ ವರದಿಗಳು ಬರಲು ತಡವಾಗಲಿಲ್ಲವೆಂದೆವಷ್ಟೆ. 1960ರ ದಶಕದ ಆರಂಭದಲ್ಲಿ ಮುಲಾಮು ಹಚ್ಚಿದ ಜಾಗವನ್ನು ತೆಳುವಾದ ಪ್ಲಾಸ್ಟಿಕ್ಕಿನಿಂದ ಮುಚ್ಚಿ ಕಟ್ಟುವ ರೂಢಿ ಬಂತು. ಗುಣ ಬೇಗ ಕಾಣುತ್ತಿತ್ತು, ಏಕೆಂದರೆ ಔಷಧ ಹಲವು ಪಟ್ಟು ಹೆಚ್ಚಾಗಿ ಒಳಗಿಳಿಯುತ್ತಿತ್ತು. 1963ರಲ್ಲಿಯೇ ಹೀಗೆ ಕಟ್ಟಿದವರ ತೊಡೆಸಂದಿಗಳಲ್ಲಿ ಚರ್ಮ ಸವೆದು, ಬಸುರಿಯರ ಹೊಟ್ಟೆಯ ಮೇಲೆ ಬೀಳುವಂಥ ಗೆರೆಗಳು ಬಿದ್ದ ವರದಿ ಅಚ್ಚಾಯಿತು. ಆ ಗೆರೆಗಳು ಮತ್ತೆ ಅಳಿಯುವುದಿಲ್ಲ. ಇಂದಿನ ಕೂಸುಗಳಿಗೆ ತೊಡಿಸುವ ಡಯಾಪರು ಕೂಡ ಇಂಥ ಪ್ಲಾಸ್ಟಿಕ್ ಕಟ್ಟೇ ಎಂಬುದು ಎಷ್ಟು ತಾಯಂದಿರಿಗೆ ಗೊತ್ತು?

1967ರ ಒಂದು ಪ್ರಯೋಗ ನಮಗೆ ಬಹಳ ಮೆಚ್ಚುಗೆಯಾಯಿತು. ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಅಮೆರಿಕದ ವಿಜ್ಞಾನಿಗಳು ವಿಕಿರಣದ ಗುರುತು ಹಾಕಿದ ಹೈಡ್ರೊಕಾರ್ಟಿಸೋನನ್ನು ದೇಹದ ಬೇರೆ ಬೇರೆ ಜಾಗಗಳಿಗೆ ಹಚ್ಚಿ, ಮೂತ್ರದಲ್ಲಿ ಎಷ್ಟು ಹೊರಬಂತೆಂದು ಲೆಕ್ಕ ಹಾಕಿದರು. ಮುಂಗೈಯಲ್ಲಿ ಇಳಿದದ್ದನ್ನು 1 ಎಂದು ಹಿಡಿದರೆ ಅಂಗಾಲಿನಲ್ಲಿ 0.14 ಮಾತ್ರ. ನೆತ್ತಿಯಲ್ಲಿಯೂ ಕಂಕುಳಲ್ಲಿಯೂ ಮೂರೂವರೆ ಪಟ್ಟು, ಹಣೆಯಲ್ಲಿ 6 ಪಟ್ಟು, ದವಡೆಯ ಮೂಲೆಯಲ್ಲಿ 13 ಪಟ್ಟು, ವೃಷಣದ ಚರ್ಮದಲ್ಲಿ 42 ಪಟ್ಟು! ಒಂದೇ ಟ್ಯೂಬಿನ ಒಂದೇ ಔಷಧ ಅಂಗಾಲಿಗೆ ಹಚ್ಚಿದಾಗ ಒಂದು, ಮುಖಕ್ಕೆ ಹಚ್ಚಿದಾಗ ಇನ್ನೊಂದು. ಹಿಮ್ಮಡಿಯ ದಪ್ಪ ಚರ್ಮದ ಸೋರಿಯಾಸಿಸ್ಸಿಗೆ ವೈದ್ಯರು ಬರೆದ ಮುಲಾಮನ್ನು ಮಗಳ ಕೆನ್ನೆಯ ಮೊಡವೆಗೆ ಸವರುವುದು ಎಂಥ ಕೆಲಸವೆಂದು ಈ ಅಂಕಿಗಳೇ ಹೇಳುತ್ತವೆ.

ಮರುವರ್ಷ, 1968ರಲ್ಲಿ, ಬ್ರಿಟನ್ನಿನ ಐವ್ ಮತ್ತು ಮಾರ್ಕ್ಸ್ ಎಂಬ ವೈದ್ಯರು ಹುಳುಕಡ್ಡಿಗೆ ಸ್ಟೀರಾಯ್ಡ್ ಹಚ್ಚಿದರೆ ಏನಾಗುವುದೆಂದು ಬರೆದರು. ಹುಳುಕಡ್ಡಿ, ಕೆಲವರು ಗಜಕರ್ಣವೆನ್ನುವುದು, ಶಿಲೀಂಧ್ರದಿಂದ ಬರುವ ರೋಗ. ಅದರ ಕೆಂಪು ಉಂಗುರ, ತುರಿಕೆ ಇವೆಲ್ಲ ದೇಹ ಹೂಡಿದ ಕಾದಾಟದ ಗುರುತು. ಸ್ಟೀರಾಯ್ಡ್ ಹಚ್ಚಿದೊಡನೆ ಕಾದಾಟ ನಿಂತು ತುರಿಕೆ ಅಡಗುತ್ತದೆ. ಶಿಲೀಂಧ್ರ ಮಾತ್ರ ತಡೆಯುವವರಿಲ್ಲದೆ ಹರಡುತ್ತದೆ. ಉಂಗುರದ ಆಕಾರವೂ ಅಳಿಸಿಹೋಗಿ ವೈದ್ಯರಿಗೇ ಗುರುತು ಸಿಗುವುದಿಲ್ಲ. ವೇಷ ಮರೆಸಿದ ಹುಳುಕಡ್ಡಿ ಎಂಬರ್ಥದ ಹೆಸರನ್ನೇ ಅವರು ಅದಕ್ಕೆ ಇಟ್ಟರು. 1969ರಲ್ಲಿ ಶೆಫೀಲ್ಡಿನ ಸ್ನೆಡನ್, ಬಲವಾದ ಮುಲಾಮುಗಳು ಮುಖವನ್ನು ಹೇಗೆ ಕೆಂಡದಂತೆ ಕೆಂಪಾಗಿಸುತ್ತವೆಂದು ಎಚ್ಚರಿಸಿದರು.

ಈ ವೇಷ ಮರೆಸಿದ ರೋಗವನ್ನು ನಾವು ಪುಸ್ತಕದಲ್ಲಿ ಓದುವ ಮೊದಲೇ ನಮ್ಮ ಕ್ವಾರ್ಟರ್ಸಿನಲ್ಲಿ ಕಂಡಿದ್ದೆವು. ಧಾರವಾಡದ ಕಡೆಯ ಒಂದು ಕುಟುಂಬ. ಹುಡುಗನಿಗೆ ಸೊಂಟದ ಬಳಿ, ಚಡ್ಡಿಯ ಇಲಾಸ್ಟಿಕ್ ಕೂಡುವಲ್ಲಿ, ರೂಪಾಯಿಯಗಲದ ಹುಳುಕಡ್ಡಿ. ಔಷಧದ ಅಂಗಡಿಯ ಹುಡುಗ ಸ್ಟೀರಾಯ್ಡ್, ಶಿಲೀಂಧ್ರದ ಮದ್ದು, ನಂಜಿನ ಮದ್ದು ಮೂರೂ ಬೆರೆತ ಟ್ಯೂಬು ಕೊಟ್ಟ. 'ಎರಡ ದಿನದಾಗ ಆರಾಮ ಆತ್ರಿ ಅಣ್ಣಾರ, ಭಾಳ ಛಲೋ ಔಷಧ' ಎಂದು ಹುಡುಗನ ತಾಯಿ ಸಂತೋಷಪಟ್ಟರು. ವಾರದ ಮೇಲೆ ಮತ್ತೆ ಬಂತು, ಮತ್ತೆ ಹಚ್ಚಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಹುಡುಗನ ಬೆನ್ನು, ತಂಗಿಯ ಕುತ್ತಿಗೆ, ತಾಯಿಯ ಸೀರೆ ಕಟ್ಟುವ ಸೊಂಟ, ಎಲ್ಲ ಕಡೆಗೂ ಹರಡಿತ್ತು. ಒಂದೇ ಟವೆಲು, ಒಂದೇ ಹಾಸಿಗೆಯ ಚಿಕ್ಕ ಮನೆಯಲ್ಲಿ ಬೇರೇನಾದೀತು? ಚರ್ಮವೈದ್ಯರ ಬಳಿ ಮನೆಮಂದಿಯೆಲ್ಲ ತಿಂಗಳುಗಟ್ಟಲೆ ಮಾತ್ರೆ ನುಂಗಿದ ಮೇಲೆ ವಾಸಿಯಾಯಿತು. ಹುಡುಗನ ತೊಡೆಯಲ್ಲಿ ಗೆರೆಗಳು ಉಳಿದವು.

ಮುಖದ ಕಥೆ ಇನ್ನೂ ದುಃಖದ್ದು. ಫಿಲಡೆಲ್ಫಿಯದ ಆಲ್ಬರ್ಟ್ ಕ್ಲಿಗ್‌ಮನ್ 1975ರಲ್ಲಿ ಬಂಗಿನ ಕಲೆಗಳನ್ನು ತಿಳಿಯಾಗಿಸಲು ಮೂರು ಔಷಧಗಳ ಒಂದು ಮಿಶ್ರಣವನ್ನು ಪ್ರಕಟಿಸಿದರು. ಮೂರರಲ್ಲಿ ಒಂದು ಸ್ಟೀರಾಯ್ಡ್. 1979ರಲ್ಲಿ ಅದೇ ಕ್ಲಿಗ್‌ಮನ್, ಫ್ರಾಶ್ ಅವರೊಡನೆ, ಸ್ಟೀರಾಯ್ಡ್ ಚಟ ಎಂಬ ವಿಷಯವಾಗಿ ಬರೆದರು. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದವರು ಬಿಟ್ಟರೆ ಉರಿ, ಕೆಂಪು, ಗುಳ್ಳೆ. ಮತ್ತೆ ಹಚ್ಚಿದರೆ ಶಾಂತಿ. ಹೀಗೆ ಬಿಡಲಾರದ ಸ್ಥಿತಿ. ನಮ್ಮ ದೇಶದಲ್ಲಿ ಇಂಥದೇ ಮಿಶ್ರಣ, ಮೊಮೆಟಸೋನ್ ಸೇರಿಸಿದ್ದು, ಬಿಳುಪಿನ ಕ್ರೀಮೆಂದು ವರ್ಷಾನುಗಟ್ಟಲೆ ಖರ್ಚಾಯಿತು. ಮೊದಲ ಹದಿನೈದು ದಿನ ಮುಖ ನಿಜಕ್ಕೂ ತಿಳಿಯಾಗುತ್ತದೆ. ಕಪ್ಪು ಹೆಣ್ಣಿಗೆ ಗಂಡು ಸಿಗುವುದು ಕಷ್ಟವೆಂದು ತಾಯ್ತಂದೆಯರನ್ನು ಹೆದರಿಸುವ ಸಮಾಜ ಉಳಿದದ್ದನ್ನು ಮಾಡುತ್ತದೆ. 2011ರಲ್ಲಿ ದೇಶದ 12 ಕೇಂದ್ರಗಳ ಚರ್ಮವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಮುಖದ ತೊಂದರೆಯಿಂದ ಬಂದ 2926 ರೋಗಿಗಳ ಪೈಕಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚಿಕೊಂಡವರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದನ್ನು ಸೂಚಿಸಿದವರು ವೈದ್ಯರೇ ಅಲ್ಲ.

ಕಾನೂನು ಇರಲಿಲ್ಲವೆ? ಇತ್ತು. 1945ರ ಔಷಧ ನಿಯಮಗಳ 'ಎಚ್' ಅನುಸೂಚಿಯಲ್ಲಿರುವ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು. ಸ್ಟೀರಾಯ್ಡ್‌ಗಳೂ ಆ ಪಟ್ಟಿಯಲ್ಲಿದ್ದವು. ಆದರೆ ನಿಯಮದ ಪ್ರಾಣ ಅಡಿಟಿಪ್ಪಣಿಯಲ್ಲಿರುತ್ತದೆಂದು ನಮ್ಮಂಥ ಗುಮಾಸ್ತರಿಗೆ ಗೊತ್ತು. ಮೈಮೇಲೆ ಹಚ್ಚುವ ತಯಾರಿಕೆಗಳು ಇದರಲ್ಲಿ ಸೇರಿಲ್ಲವೆಂದು ಟಿಪ್ಪಣಿ ಹೇಳುತ್ತಿತ್ತು. 1955ರಲ್ಲಿ ಸುಳ್ಳಾದ ನಂಬಿಕೆ ಸರಕಾರದ ಕಡತದಲ್ಲಿ 2018ರವರೆಗೆ ನಿಜವಾಗಿಯೇ ಇತ್ತು! ಚರ್ಮವೈದ್ಯರ ಸಂಘದ ಹಲವು ವರ್ಷಗಳ ಒತ್ತಾಯದ ಮೇಲೆ 2018ರ ಮಾರ್ಚಿಯಲ್ಲಿ 14 ಸ್ಟೀರಾಯ್ಡ್‌ಗಳ ಮುಲಾಮುಗಳಿಗೆ ಆ ವಿನಾಯಿತಿ ತಪ್ಪಿತು. ಅದೇ ಸೆಪ್ಟೆಂಬರಿನಲ್ಲಿ ನಿಷೇಧವಾದ 328 ಮಿಶ್ರ ಔಷಧಗಳಲ್ಲಿ ಸ್ಟೀರಾಯ್ಡ್, ಶಿಲೀಂಧ್ರದ ಮದ್ದು, ನಂಜಿನ ಮದ್ದು ಬೆರೆಸಿದ ಮುಲಾಮುಗಳೂ ಸೇರಿದ್ದವು. ಅಷ್ಟರಲ್ಲಿ ದೇಶದ ತುಂಬ ಸಾಮಾನ್ಯ ಮದ್ದಿಗೆ ಬಗ್ಗದ ಹುಳುಕಡ್ಡಿ ಹರಡಿಯಾಗಿತ್ತು. ಅದಕ್ಕೆ ಕಾರಣವಾದ ಶಿಲೀಂಧ್ರಕ್ಕೆ 2020ರಲ್ಲಿ ವಿಜ್ಞಾನಿಗಳು ಇಟ್ಟ ಹೆಸರು ಟ್ರೈಕೊಫೈಟಾನ್ ಇಂಡೋಟೀನಿಯೆ. ಹೆಸರಿನಲ್ಲಿ ನಮ್ಮ ದೇಶವೇ ಇದೆ.

ಇಷ್ಟನ್ನು ಓದಿ ಡಬ್ಬಿಯ ಟ್ಯೂಬನ್ನು ಕಿಟಕಿಯಿಂದಾಚೆ ಎಸೆಯಲು ಎದ್ದವರು ದಯವಿಟ್ಟು ಕುಳಿತುಕೊಳ್ಳಬೇಕು. ಇನ್ನೊಂದು ಬದಿಯ ತಪ್ಪು ಇದಕ್ಕಿಂತ ಕಡಿಮೆಯದೇನಲ್ಲ. ಸ್ಟೀರಾಯ್ಡ್ ಎಂಬ ಹೆಸರು ಕೇಳಿದೊಡನೆ ಹೆದರಿ, ಚರ್ಮವೈದ್ಯರು ಮಗುವಿನ ಇಸುಬಿಗೆ ಬರೆದುಕೊಟ್ಟದ್ದನ್ನು ಹಚ್ಚದೆ, ಅಥವಾ ಕುಂಕುಮದ ಬೊಟ್ಟಿನಷ್ಟು ಸವರಿ 'ನಾಟಲಿಲ್ಲ' ಎನ್ನುವ ಮನೆಗಳೂ ಇವೆ. ಆ ಮಗು ನಿದ್ದೆಯಿಲ್ಲದೆ ಕೆರೆದು ಕೆರೆದು ಚರ್ಮ ಒರಟಾಗಿ, ನಂಜೇರಿ, ಶಾಲೆಯಲ್ಲಿ ಮಂಕಾಗಿ ಕೂರುತ್ತದೆ. ತಕ್ಕ ಬಲದ ಮುಲಾಮನ್ನು ತಕ್ಕ ಜಾಗಕ್ಕೆ ತಕ್ಕಷ್ಟು ದಿನ ಹಚ್ಚಿದರೆ ಇದರಷ್ಟು ಉಪಕಾರಿ ಔಷಧ ಚರ್ಮವೈದ್ಯದಲ್ಲಿ ಕೆಲವೇ ಇವೆ.

ತಕ್ಕಷ್ಟು ಎಂದರೆ ಎಷ್ಟು? ತೆಳ್ಳಗೆ ಹಚ್ಚಿ ಎಂದರೆ ಒಬ್ಬರಿಗೆ ಒಂದು ತೆಳುವು. ವೇಲ್ಸಿನ ಕಾರ್ಡಿಫಿನಲ್ಲಿ ಲಾಂಗ್ ಮತ್ತು ಫಿನ್‌ಲೇ 1991ರಲ್ಲಿ ಇದಕ್ಕೊಂದು ಅಳತೆ ಕೊಟ್ಟರು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಎಳೆದ ಗೆರೆಯಷ್ಟು ಮುಲಾಮು ಸುಮಾರು ಅರ್ಧ ಗ್ರಾಮು. ಬೆರಳು ಕೂಡಿಸಿದ ಎರಡು ಅಂಗೈಗಳಷ್ಟು ಜಾಗಕ್ಕೆ ಅದು ಸಾಕು. ಲೆಕ್ಕ ಸುಲಭ. 15 ಗ್ರಾಮಿನ ಟ್ಯೂಬಿನಲ್ಲಿ ಇಂಥ 30 ಅಳತೆಗಳಿವೆ. ಒಂದು ಇಡೀ ಕಾಲಿಗೆ, ಪಾದ ಬಿಟ್ಟು, 6 ಅಳತೆ ಬೇಕು. ಹಾಗಾಗಿ ಎರಡೂ ಕಾಲಿನ ತುಂಬ ಇಸುಬಿದ್ದವರ 15 ಗ್ರಾಮಿನ ಟ್ಯೂಬು ಆರು ತಿಂಗಳು ಬಂತೆಂದರೆ ಅವರು ಹಚ್ಚಿಯೇ ಇಲ್ಲ. ಅಂಗೈಯಗಲದ ಕಲೆಯಿರುವವರು ವಾರಕ್ಕೊಂದು ಟ್ಯೂಬು ಮುಗಿಸಿದರೆ ಬಹಳ ಹೆಚ್ಚಾಯಿತು.

ಕ್ಲೋಬೆಟಾಸೋಲಿನಂಥ ಅತ್ಯುಗ್ರ ಮುಲಾಮನ್ನು ವೈದ್ಯರು ಮತ್ತೆ ನೋಡದೆ ಎರಡು ವಾರಕ್ಕಿಂತ ಹೆಚ್ಚು ಹಚ್ಚಬಾರದು, ವಾರಕ್ಕೆ 50 ಗ್ರಾಮು ಮೀರಬಾರದು. ಮುಖ, ಕಂಕುಳು, ತೊಡೆಸಂದಿಗಳಿಗೆ ಬಲವಾದದ್ದು ಸಲ್ಲದು. ಕಣ್ಣಿನ ಸುತ್ತ ದೀರ್ಘಕಾಲ ಹಚ್ಚಿದರೆ ಕಣ್ಣಿನ ಒತ್ತಡ ಏರುವ, ಪೊರೆ ಬರುವ ಭಯವಿದೆ. ಎಷ್ಟೋ ಮುಲಾಮುಗಳನ್ನು ದಿನಕ್ಕೆ ಒಂದು ಸಲ ಹಚ್ಚಿದರೂ ಸಾಲುತ್ತದೆ. ಮೊಡವೆಗೆ, ಹುಳುಕಡ್ಡಿಗೆ, ಕಜ್ಜಿಗೆ ಇದು ಔಷಧವೇ ಅಲ್ಲ. ಇಸುಬಿನವರಿಗೆ ಚರ್ಮವನ್ನು ಸದಾ ಜಿಡ್ಡಾಗಿಡುವ ಸಾದಾ ಲೇಪವೂ ಜೊತೆಗೆ ಬೇಕು. ಪದೇ ಪದೇ ಮರುಕಳಿಸುವವರಿಗೆ, ಶಮನವಾದ ಮೇಲೂ ವಾರಕ್ಕೆ ಎರಡು ದಿನ ಮುಲಾಮು ಹಚ್ಚಲು ವೈದ್ಯರು ಹೇಳುವುದುಂಟು, ಅದು ತಪ್ಪಲ್ಲ.

ತಿಂಗಳುಗಟ್ಟಲೆ ಹಚ್ಚಿ ಅಭ್ಯಾಸವಾದವರು, ಅದರಲ್ಲೂ ಮುಖಕ್ಕೆ ಹಚ್ಚಿದವರು ಮತ್ತು ಸೋರಿಯಾಸಿಸ್ ಇರುವವರು, ಈ ಲೇಖನ ಓದಿ ನಾಳೆಯಿಂದಲೇ ಥಟ್ಟನೆ ಬಿಟ್ಟುಬಿಡಬಾರದು. ರೋಗ ಇಮ್ಮಡಿಯಾಗಿ ಏಳಬಹುದು. ಮೊದಲು ಚರ್ಮವೈದ್ಯರನ್ನು ಕಾಣಬೇಕು. ಹೋಗುವಾಗ ಮನೆಯಲ್ಲಿರುವ ಎಲ್ಲ ಟ್ಯೂಬುಗಳನ್ನೂ, ಖಾಲಿಯಾದವನ್ನೂ, ಒಯ್ಯುವುದು ಮೇಲು. ಕಂಪೆನಿಯ ಹೆಸರಿನಿಂದ ಅವರಿಗೆ ಆಗಬೇಕಾದದ್ದು ಅಷ್ಟಕ್ಕಷ್ಟೆ. ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು, ಅಂಕಿ, ಎಷ್ಟು ದಿನದಿಂದ, ಎಲ್ಲಿಗೆ ಹಚ್ಚಿದ್ದೆಂಬುದು ಬೇಕು. ಊರಿಗೆ ಕಳಿಸಿದ ಟ್ಯೂಬುಗಳಿದ್ದರೆ ಅತ್ತೆಗೂ ಚಿಕ್ಕಪ್ಪನಿಗೂ ಒಂದು ಫೋನು ಮಾಡಿ, ಆ ಸಣ್ಣ ಅಕ್ಷರಗಳನ್ನು ಮಕ್ಕಳಿಂದ ಓದಿಸಿ ಬರೆದುಕೊಳ್ಳಬಹುದು.